ಎಷ್ಟು ಭಾಷೆ ಎಂಬ ಲೆಕ್ಕ

ಇಷ್ಟು ನೂರು ಭಾಷೆಗಳಿಗೆ ಒದಗುತ್ತದೆ ಎನ್ನುವುದು ಈಗ ಫಾಂಟ್ ತಯಾರಕರ ಹೆಮ್ಮೆಯ ಮಾತು. ಗೂಗಲ್ ಮತ್ತು ಮೋನೋಟೈಪ್ ಸೇರಿ ರೂಪಿಸಿದ ನೋಟೋ ಕುಟುಂಬವನ್ನು 2016ರಲ್ಲಿ ಪ್ರಕಟಿಸಿದಾಗಲೂ ಮೊದಲು ಸುದ್ದಿಯಾದದ್ದು 800 ಭಾಷೆ, 100 ಲಿಪಿ ಎಂಬ ಅಂಕಿಯೇ. ಅಕ್ಷರ ಇರಬೇಕಾದಲ್ಲಿ ಖಾಲಿ ಚೌಕಗಳನ್ನು ಕಂಡು ಬೇಸತ್ತವರಿಗೆ ಆ ಕೆಲಸದ ಬೆಲೆ ಗೊತ್ತು. ಆದರೆ ಭಾಷೆಗಳನ್ನು ಎಣಿಸಿ ಫಾಂಟನ್ನು ಅಳೆಯುವ ರೂಢಿ ನಮ್ಮಂಥವರಿಗೆ ಅನ್ಯಾಯ ಮಾಡುತ್ತದೆ.

ಲ್ಯಾಟಿನ್ ಲಿಪಿಯಲ್ಲಿ ಅಂಕಿ ಬೇಗ ಏರುತ್ತದೆ. ಇರುವ ಅಕ್ಷರಗಳಿಗೇ ಮೇಲೆ ಕೆಳಗೆ ಒಂದಷ್ಟು ಚಿಹ್ನೆ ಸೇರಿಸಿದರೆ ಯೊರುಬಾ, ವಿಯೆಟ್ನಾಮೀಸ್ ಪಟ್ಟಿಗೆ ಬರುತ್ತವೆ. ಅಲ್ಲೂ ಎಡವಿದವರುಂಟು: ರೊಮೇನಿಯನ್ ಅಕ್ಷರದ ಕೆಳಗೆ ಅಲ್ಪವಿರಾಮದಂಥ ಗುರುತು ಇರಬೇಕಾದ ಕಡೆ ಬಹುಕಾಲ ಟರ್ಕಿಶ್ ಅಕ್ಷರದ ಬಾಲವನ್ನೇ ಅಂಟಿಸಲಾಗುತ್ತಿತ್ತು.

ಕನ್ನಡದ್ದು ಬೇರೆ ಕಥೆ. ಪಟ್ಟಿಯಲ್ಲಿ ಒಂದೇ ಒಂದು ಭಾಷೆ ಹೆಚ್ಚಲು ಗುಣಿತ, ಒತ್ತು, ಅವು ಕೂಡುವ ನಿಯಮ ಎಲ್ಲ ಸೇರಿ ನೂರಾರು ಆಕಾರಗಳ ಕೆಲಸ. 'ರಾಷ್ಟ್ರ' ಎಂದು ಬರೆದು ನೋಡಿ: ಷಕಾರಕ್ಕೆ ಟ ಒತ್ತು, ಮತ್ತೆ ರ ಒತ್ತು. ಇಂಗ್ಲಿಷಿಗೆಂದು ಗೊತ್ತುಮಾಡಿದ ಸಾಲಿನ ಎತ್ತರದೊಳಗೆ ಇದನ್ನು ಕೂರಿಸಲು ಒತ್ತನ್ನು ಕುಗ್ಗಿಸಬೇಕು, ಇಲ್ಲವೇ ಇಡೀ ಅಕ್ಷರವನ್ನೇ ಕುಗ್ಗಿಸಬೇಕು. ಕುಗ್ಗಿದ ಒತ್ತು ಮೊಬೈಲಿನಲ್ಲಿ ಮಸಿಯ ಚುಕ್ಕೆಯಾಗುತ್ತದೆ. ಕುಗ್ಗಿದ ಅಕ್ಷರ ಪಕ್ಕದ ಇಂಗ್ಲಿಷಿನೆದುರು ಕುಳ್ಳಗೆ ಕಾಣುತ್ತದೆ. ಬೋಲ್ಡ್ ಮಾಡಿದರಂತೂ ಖ, ಣಗಳ ಹೊಟ್ಟೆಯೇ ತುಂಬಿಹೋಗುತ್ತದೆ. ಅಳತೆ ಒಬ್ಬರದು, ಅಂಗಿ ತೊಡುವವರು ಇನ್ನೊಬ್ಬರು. ನ್ಯಾಯವಾಗಿ ಹಿಗ್ಗಬೇಕಾದದ್ದು ಸಾಲು.

ಒಂದೇ ಕುಟುಂಬ ಎಂದ ಮೇಲೆ ಎಲ್ಲ ಲಿಪಿಗಳೂ ಒಂದೇ ಥರ ಕಾಣಬೇಡವೇ ಎಂದು ಕೇಳುವವರಿದ್ದಾರೆ. ಪುಟದ ಮೇಲೆ ಕಪ್ಪು ಬಿಳುಪಿನ ಹದ ಹೊಂದಬೇಕು, ನಿಜ. ಏಕ್ ಟೈಪ್ ಸಂಸ್ಥೆಯ 'ಅನೇಕ್' ಫಾಂಟ್ ಕುಟುಂಬ ಒಂಬತ್ತು ಭಾರತೀಯ ಲಿಪಿಗಳನ್ನೂ ಲ್ಯಾಟಿನ್ನನ್ನೂ ಹೊಂದಿಸಿದೆ. ಅಲ್ಲಿ ಕನ್ನಡ ತನ್ನ ದುಂಡುತನ ಕಳೆದುಕೊಂಡಿಲ್ಲ. ಲ್ಯಾಟಿನ್ನಿಗೆ ಇಟಾಲಿಕ್ ಇದೆಯೆಂಬ ಕಾರಣಕ್ಕೆ ಕನ್ನಡವನ್ನೂ ಯಂತ್ರದಿಂದ ಓರೆ ಮಾಡುವುದು ಮಾತ್ರ ನನಗೆ ಹಿಡಿಸದು. ಅಕ್ಷರವೇ ಜಾರಿದಂತಿರುತ್ತದೆ!

ಇನ್ನು, ಲಿಪಿ ಬಂದರೆ ಅದನ್ನು ಬಳಸುವ ಭಾಷೆಗಳೆಲ್ಲ ಬಂದವೆಂದು ತಿಳಿಯುವುದೂ ತಪ್ಪು. ಕೊಂಕಣಿ, ತುಳು, ಕೊಡವ, ಬ್ಯಾರಿ ಎಲ್ಲವನ್ನೂ ಕನ್ನಡ ಅಕ್ಷರಗಳಲ್ಲಿ ಬರೆಯುತ್ತಾರೆ. ಕೊಂಕಣಿಯ ಅನುನಾಸಿಕಕ್ಕೆ ಬಳಸುವ ಒಂದು ಚಿಹ್ನೆಗೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2022ರಲ್ಲಿ. ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಅದು ಇರುವುದಾದರೂ ಹೇಗೆ? ತುಳು-ತಿಗಳಾರಿ ಲಿಪಿ ಯುನಿಕೋಡಿಗೆ ಬಂದದ್ದಂತೂ 2024ರಲ್ಲಿ.

ಖಾಲಿ ಚೌಕಕ್ಕಿಂತ ಕುಳ್ಳ ಅಕ್ಷರ ವಾಸಿಯಲ್ಲವೇ ಎಂದರೆ, ಹೌದು, ಮೊದಲ ದಿನಕ್ಕೆ ವಾಸಿ. ತೊಂದರೆಯೆಂದರೆ, ಪಟ್ಟಿಯಲ್ಲಿ ಹೆಸರು ಸೇರಿದೊಡನೆ ಆ ಭಾಷೆಯ ಕೆಲಸ ಮುಗಿಯಿತೆಂದು ಹಣ, ಗಮನ ಎರಡೂ ಮುಂದಿನ ಲಿಪಿಗೆ ಹೊರಟುಬಿಡುತ್ತವೆ. ನೋಟೋ ಮುಕ್ತ ಪರವಾನಗಿಯಲ್ಲಿದೆ. ಕೆಟ್ಟ ಒತ್ತನ್ನು ತಿದ್ದಲು ಯಾರ ಅಡ್ಡಿಯೂ ಇಲ್ಲ. ತಿದ್ದುವವರಿಗೆ ಸಂಬಳ ಕೊಡುವವರು ಯಾರು ಎಂಬುದನ್ನು ಮಾತ್ರ ಯಾವ ಪರವಾನಗಿಯೂ ಹೇಳುವುದಿಲ್ಲ.