‘ರೆ’ಯನ್ನು ಮರೆತು ಸಂಖ್ಯೆ ಓದಬೇಡಿ



ಬೈಲಹೊಂಗಲ ತಾಲ್ಲೂಕಿನ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಸರ್, ಕೊರೋನಾದಾಗ ಇಷ್ಟು ಲಕ್ಷ ಮಂದಿ ಸಾಯ್ತಾರ ಅಂತ ವಿಜ್ಞಾನಿಗಳು ಹೇಳಿದ್ರಂತ. ಅಷ್ಟು ಆಗಲಿಲ್ಲ. ಹಂಗಾದ್ರ ಅವರ ಲೆಕ್ಕ ಸುಳ್ಳೇನ್ರಿ?” ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ನೀವೂ ಪೆನ್ಸಿಲ್ ಹಿಡಿಯಿರಿ.

ಊರಿಗೆ ಒಂದು ಜ್ವರ ಬಂದಿದೆ ಎನ್ನೋಣ. ಮೊದಲು ಒಬ್ಬನೇ ರೋಗಿ. ಪ್ರತಿ ರೋಗಿಯಿಂದ ವಾರಕ್ಕೆ ಇಬ್ಬರಿಗೆ ಅಂಟಿದರೆ ಹೊಸ ರೋಗಿಗಳು 2, 4, 8, 16 ಹೀಗೆ ಬೆಳೆದು ಹತ್ತನೆಯ ವಾರ 1024 ಆಗುತ್ತಾರೆ. ಇಬ್ಬರ ಬದಲು ಸರಾಸರಿ ಒಂದೂವರೆ, ಅಂದರೆ ಹತ್ತು ರೋಗಿಗಳಿಂದ ಹದಿನೈದು ಜನರಿಗೆ ಅಂಟಿದರೆ? ಹತ್ತನೆಯ ವಾರ ಸುಮಾರು 58 ಮಾತ್ರ! ನೂರು ರೋಗಿಗಳಲ್ಲಿ ಒಬ್ಬರು ಸಾಯುತ್ತಾರೆ ಎಂದು ಹಿಡಿದರೆ, ಆ ವಾರದ ರೋಗಿಗಳಲ್ಲಿ ಮೊದಲ ಲೆಕ್ಕದಂತೆ ಹತ್ತು ಸಾವು. ಎರಡನೆಯದರಲ್ಲಿ ಒಂದೂ ಇಲ್ಲದಿರಬಹುದು. ಗುಣಾಕಾರ ಎರಡರಲ್ಲೂ ಸರಿಯಾಗಿದೆ. ಬದಲಾದದ್ದು ನಾವು ಮೊದಲು ಇಟ್ಟುಕೊಂಡ ಊಹೆ. ಇಂಥ ಊಹೆಗಳ ಮೇಲೆ ಕಟ್ಟಿದ ಲೆಕ್ಕವೇ ‘ಗಣಿತ ಮಾದರಿ’.

ಊಹೆ ಏಕೆ ಬೇಕು? ಯಾರು ಎಷ್ಟು ಜನರ ಹತ್ತಿರ ಹೋಗುತ್ತಾರೆಂದು ಎಣಿಸಲು ಸಾಧ್ಯವಿಲ್ಲ. ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಸೇರುವ ಜನ ಬೇರೆ, ಅಕ್ಟೋಬರ್‌ನ ಕಿತ್ತೂರು ಉತ್ಸವದ ಜನ ಬೇರೆ, ರಾಮದುರ್ಗದ ಸಣ್ಣ ಹಳ್ಳಿಯ ಓಣಿ ಬೇರೆ. ಎಲ್ಲಕ್ಕೂ ಒಂದೇ ಸರಾಸರಿ ಹಿಡಿದರೆ ಉತ್ತರ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ.

ಈಗ ನಿಜವಾದ ಉದಾಹರಣೆ ನೋಡೋಣ. 2021ರ ಮೇ ತಿಂಗಳ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಮುನ್ಸೂಚನೆ ಕೊಟ್ಟಿತು: ಸೋಂಕು ಆಗಿನಂತೆಯೇ ಮುಂದುವರಿದರೆ ಜೂನ್ 11ರ ಹೊತ್ತಿಗೆ ದೇಶದಲ್ಲಿ ಒಟ್ಟು ಸಾವು ಸುಮಾರು 4 ಲಕ್ಷ 4 ಸಾವಿರ. ಆ ದಿನದ ಸರ್ಕಾರಿ ಲೆಕ್ಕ ಸುಮಾರು 3 ಲಕ್ಷ 63 ಸಾವಿರ. ‘ಮುಂದುವರಿದರೆ’ ಎಂಬ ಮಾತನ್ನು ಗಮನಿಸಿದಿರಾ? ನಡುವೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಲಾಕ್‌ಡೌನ್ ಇತ್ತು. ಮೇ ಮಧ್ಯದ ಹೊತ್ತಿಗೆ ಹೊಸ ಪ್ರಕರಣಗಳು ಇಳಿಯತೊಡಗಿದವು. ಸೋಂಕು ಮೊದಲಿನಂತೆ ಮುಂದುವರಿಯಲಿಲ್ಲ.

ಆಗಿಹೋದ ಸಾವುಗಳ ಎಣಿಕೆಯಲ್ಲೂ ಊಹೆ ಬರುತ್ತದೆ. 2020 ಮತ್ತು 2021ರಲ್ಲಿ ಕೊರೋನಾದಿಂದ ಸತ್ತವರು ಸುಮಾರು 4 ಲಕ್ಷ 81 ಸಾವಿರ ಎಂದು ನಮ್ಮ ಸರ್ಕಾರದ ದಾಖಲೆ. ಆ ಎರಡು ವರ್ಷ ಭಾರತದಲ್ಲಿ ಮಾಮೂಲಿಗಿಂತ ಸುಮಾರು 47 ಲಕ್ಷ ಸಾವು ಹೆಚ್ಚಾಗಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಆ ಮಾದರಿಯನ್ನು ಸರ್ಕಾರ ಒಪ್ಪಲಿಲ್ಲ.

ಹಾಗಾದರೆ ಮುನ್ಸೂಚನೆಯೇ ಬೇಡವೇ? ಬೇಕು ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆಗೆ ಎಷ್ಟು ಹಾಸಿಗೆ, ಎಷ್ಟು ಆಮ್ಲಜನಕ ಬೇಕೆಂದು ಮೊದಲೇ ತಿಳಿಯದಿದ್ದರೆ ಉಳಿಯಬಹುದಾದ ಜೀವವೂ ಹೋಗುತ್ತದೆ. ಆದರೆ ಒಂದೇ ಸಂಖ್ಯೆ ಹೇಳಿ ಊಹೆಯನ್ನು ಮುಚ್ಚಿಡುವುದು ತಪ್ಪು. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಯಾವ ಊಹೆಯ ಮೇಲೆ ಎಂದು ಮೂರನ್ನೂ ಹೇಳಬೇಕು. ಪತ್ರಿಕೆಯಲ್ಲಿ ಅಂಥ ಸಂಖ್ಯೆ ಕಂಡಾಗ ಹೆದರಬೇಡಿ, ನಗಲೂ ಬೇಡಿ. ಅದರ ಹಿಂದಿರುವ ‘ರೆ’ಯನ್ನು ಹುಡುಕಿ.

ಆ ಹುಡುಗಿಗೆ ನಾನು ಹೇಳಿದ್ದೂ ಇಷ್ಟೇ: “ಲೆಕ್ಕ ಸುಳ್ಳಲ್ಲ ತಂಗಿ, ‘ರೆ’ ಬದಲಾಯಿತು. ಅದನ್ನು ಬದಲಾಯಿಸಿದವರಲ್ಲಿ ಮನೆಯಲ್ಲೇ ಉಳಿದ ನೀನೂ ಒಬ್ಬಳು.”

ಮಾಡಿ ನೋಡಿ: ಹತ್ತು ರೋಗಿಗಳಿಂದ ಹನ್ನೆರಡು ಜನರಿಗೆ ಮಾತ್ರ ಅಂಟಿದರೆ ಹತ್ತನೆಯ ವಾರ ಹೊಸ ರೋಗಿಗಳು ಎಷ್ಟು?