ದ್ರಾಕ್ಷಿ ಬಿಟ್ಟರು, ಬೊಂಡ ಬಿಡಲಿಲ್ಲ

ಕಳೆದ ತಿಂಗಳು ಓದುಗ ಸಹೋದರಿಯೊಬ್ಬರ ಪತ್ರ ಬಂದಿತ್ತು. "ನಮ್ಮ ಅತ್ತೆಗೆ ಎಪ್ಪತ್ತು ವರ್ಷ. ಬಿ.ಪಿ. ಇದೆ, ಸಕ್ಕರೆ ಕಾಯಿಲೆಯೂ ಇದೆ. ಬಿ.ಪಿ. ಮಾತ್ರೆ ನುಂಗುವವರು ದ್ರಾಕ್ಷಿ ತಿನ್ನಬಾರದೆಂದು ಎಲ್ಲೋ ಓದಿದೆ. ಅಂದಿನಿಂದ ಮನೆಗೆ ದ್ರಾಕ್ಷಿ ತರುವುದನ್ನೇ ನಿಲ್ಲಿಸಿದ್ದೇವೆ. ಅವರಿಗೆ ಬೇಸರವಾಗದಿರಲೆಂದು ದಿನಾ ಒಂದು ಬೊಂಡ ಕೊಡುತ್ತಿದ್ದೇವೆ. ನಾವು ಮಾಡಿದ್ದು ಸರಿಯೇ?"

ಸಹೋದರಿ, ನಿಮ್ಮ ಕಾಳಜಿ ದೊಡ್ಡದು. ಆದರೆ ತಿನ್ನಬಹುದಾದ ಹಣ್ಣನ್ನು ನಿಲ್ಲಿಸಿ, ಕೇಳಿ ಕೊಡಬೇಕಾದುದನ್ನು ಕೇಳದೆಯೇ ಕೊಡುತ್ತಿದ್ದೀರಿ. ಇದರಲ್ಲಿ ನಿಮ್ಮ ತಪ್ಪಿಲ್ಲ. ಇಂಗ್ಲಿಷಿನಿಂದ ಬಂದ ಸುದ್ದಿಯನ್ನು ಅವಸರದಲ್ಲಿ ಕನ್ನಡಕ್ಕೆ ಇಳಿಸುವವರು 'ಗ್ರೇಪ್‌ಫ್ರೂಟ್' ಎಂಬುದನ್ನು ದ್ರಾಕ್ಷಿ ಎಂದು ಬರೆದುಬಿಡುತ್ತಾರೆ. ಗ್ರೇಪ್ ಎಂದರೆ ದ್ರಾಕ್ಷಿ ನಿಜ, ಆದರೆ ಗ್ರೇಪ್‌ಫ್ರೂಟ್ ದ್ರಾಕ್ಷಿಯಲ್ಲ. ಅದು ಕಿತ್ತಳೆಯ ಜಾತಿಯ ದೊಡ್ಡ ಹಣ್ಣು. ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಮಿಶ್ರತಳಿ. ನಮ್ಮ ಸಂತೆಯಲ್ಲಿ ಗ್ರೇಪ್‌ಫ್ರೂಟ್ ಅಪರೂಪ, ಚಕ್ಕೋತ ಹಾಗಲ್ಲ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಮಾನ್ಯತೆಯೇ ಇದೆ.

ಈ ಹಣ್ಣಿನ ಗುಟ್ಟು ಬಯಲಾದದ್ದು ಆಕಸ್ಮಿಕವಾಗಿ. ಕೆನಡಾದಲ್ಲಿಯೂ ಲಂಡನ್ ಎಂಬ ಒಂದು ನಗರವಿದೆ. ಅಲ್ಲಿ ಡೇವಿಡ್ ಬೈಲಿ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಫೆಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯ ಮೇಲೆ ಮದ್ಯ ಏನು ಪರಿಣಾಮ ಬೀರುತ್ತದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ನೋಡಿದರೆ ರಕ್ತದಲ್ಲಿ ಔಷಧಿಯ ಪ್ರಮಾಣ ಇರಬೇಕಾದುದಕ್ಕಿಂತ ಎಷ್ಟೋ ಹೆಚ್ಚು! ಕಾರಣ ಮದ್ಯವಲ್ಲ, ಹಣ್ಣಿನ ರಸ. 1991ರಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ಅದರ ವಿವರ ಬಂತು. ನೀರಿನೊಂದಿಗೆ ನುಂಗಿದಾಗ ಇದ್ದದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಔಷಧಿ ರಕ್ತ ಸೇರಿತ್ತು.

ಇದು ಹೇಗಾಗುತ್ತದೆ? ನಮ್ಮ ಕರುಳಿನ ಗೋಡೆಯಲ್ಲಿ ಒಂದು ಕಿಣ್ವವಿದೆ. ನುಂಗಿದ ಎಷ್ಟೋ ಔಷಧಿಗಳನ್ನು ರಕ್ತಕ್ಕೆ ಸೇರುವ ಮೊದಲೇ ಅದು ಒಂದಿಷ್ಟು ಕರಗಿಸಿಬಿಡುತ್ತದೆ. ಈ ನಷ್ಟವನ್ನು ಲೆಕ್ಕ ಹಿಡಿದೇ ಮಾತ್ರೆಯ ಪ್ರಮಾಣ ಗೊತ್ತುಮಾಡಿರುತ್ತಾರೆ. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತದಲ್ಲಿರುವ ಕೆಲವು ರಾಸಾಯನಿಕಗಳು ಆ ಕಿಣ್ವವನ್ನೇ ಕೆಡಿಸುತ್ತವೆ. ಆಗ ಒಂದು ಮಾತ್ರೆ ನುಂಗಿದವರಿಗೆ ಎರಡು ಮೂರು ನುಂಗಿದಷ್ಟಾಗುತ್ತದೆ. ಬೆಳಿಗ್ಗೆ ಹಣ್ಣು ತಿಂದು ರಾತ್ರಿ ಮಾತ್ರೆ ನುಂಗಿದರಾಯಿತು ಎಂಬ ಉಪಾಯವೂ ಇಲ್ಲಿ ನಡೆಯದು. ಕೆಟ್ಟ ಕಿಣ್ವದ ಜಾಗಕ್ಕೆ ದೇಹ ಹೊಸದನ್ನು ತಯಾರಿಸಲು ಒಂದರಿಂದ ಮೂರು ದಿನ ಬೇಕು.

ಎಲ್ಲಾ ಬಿ.ಪಿ. ಮಾತ್ರೆಗಳಿಗೂ ಈ ತೊಂದರೆಯಿಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಆಮ್ಲೋಡಿಪಿನ್‌ಗೆ ಪರಿಣಾಮ ತೀರಾ ಕಡಿಮೆ. ನಿಫೆಡಿಪಿನ್, ಫೆಲೋಡಿಪಿನ್‌ಗೆ ಹೆಚ್ಚು. ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ನುಂಗುವವರೂ ಎಚ್ಚರವಾಗಿರಬೇಕು. ಈ ಮಾತ್ರೆಗಳು ರಕ್ತದಲ್ಲಿ ಮಿತಿಮೀರಿದರೆ ಮೈಕೈ ಸ್ನಾಯುಗಳಲ್ಲಿ ನೋವು, ವಿಪರೀತಕ್ಕೆ ಹೋದರೆ ಮೂತ್ರ ಕಪ್ಪುಗಟ್ಟಿ ಮೂತ್ರಪಿಂಡಕ್ಕೇ ಪೆಟ್ಟು. ಅದೇ ಗುಂಪಿನ ರೋಸುವಾಸ್ಟಾಟಿನ್‌ಗೆ ಈ ಭಯವಿಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡು ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ನುಂಗುತ್ತಿರುವವರಂತೂ ಚಕ್ಕೋತದ ಒಂದು ತೊಳೆಯನ್ನೂ ಬಾಯಿಗೆ ಹಾಕಬಾರದು.

ಇನ್ನು ಬೊಂಡದ ವಿಚಾರ. ಇದನ್ನು ಬರೆಯುವಾಗ ನಮ್ಮ ಪಕ್ಕದ ಮನೆಯ ಉಮ್ಮ ನೆನಪಾಗುತ್ತಾರೆ. ಅವರಿಗೂ ಬಿ.ಪಿ., ಸಕ್ಕರೆ ಕಾಯಿಲೆ. ಟೆಲ್ಮಿಸಾರ್ಟಾನ್ ಮಾತ್ರೆ, ಕಾಲಿನ ಬಾವು ಇಳಿಯಲು ಸ್ಪೈರೊನೊಲ್ಯಾಕ್ಟೋನ್. ಒಂದು ದಿನ ಅಂಗಳದಲ್ಲಿ ಜಾರಿ ಬಿದ್ದು ಮಂಡಿ ಊದಿತು. ಮೆಡಿಕಲ್‌ನಿಂದ ನೋವಿನ ಮಾತ್ರೆ ತರಿಸಿಕೊಂಡರು. ಉಮ್ಮ ಬಿದ್ದರೆಂದು ಕೇಳಿ ನೆಂಟರಿಷ್ಟರೆಲ್ಲ ನೋಡಲು ಬಂದರು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲವಷ್ಟೆ. ಒಬ್ಬರು ಕಿತ್ತಳೆ ತಂದರು, ಒಬ್ಬರು ಬಾಳೆಗೊನೆ ಕಳುಹಿಸಿದರು, ಮತ್ತೊಬ್ಬರು ತೋಟದಿಂದ ಬೊಂಡದ ಗೊನೆಯನ್ನೇ ಇಳಿಸಿಕೊಟ್ಟರು. ಹತ್ತು ದಿನವಾಗುವಷ್ಟರಲ್ಲಿ ಉಮ್ಮನ ಕೈಕಾಲುಗಳಲ್ಲಿ ಶಕ್ತಿಯೇ ಇಲ್ಲ. ಹಾಸಿಗೆಯಿಂದ ಏಳಲಾಗದು. ನಿಶ್ಶಕ್ತಿ ಎಂದುಕೊಂಡು ಮಗಳು ಇನ್ನೂ ಒಂದು ಬೊಂಡ ಹೆಚ್ಚು ಕುಡಿಸಿದಳು.

ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದ ವೈದ್ಯರ ಮುಖ ಬದಲಾಯಿತು. ರಕ್ತದಲ್ಲಿ ಪೊಟ್ಯಾಶಿಯಂ 6 ದಾಟಿತ್ತು. ಅದು 5ರ ಆಸುಪಾಸಿನೊಳಗೆ ಇರಬೇಕು. ಮೇಲೇರಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. "ಏನು ಕುಡಿಸುತ್ತಿದ್ದೀರಿ?" ಎಂದು ವೈದ್ಯರು ಕೇಳಿದಾಗ ಮಗಳು ಅಳುತ್ತಾ, "ಒಳ್ಳೆಯದನ್ನೇ ಕೊಟ್ಟಿದ್ದೇವೆ ಡಾಕ್ಟ್ರೇ, ಬೇರೇನೂ ಕೊಟ್ಟಿಲ್ಲ" ಎಂದಳು. ಎರಡು ದಿನ ತೀವ್ರ ನಿಗಾ ಘಟಕದಲ್ಲಿದ್ದು ಉಮ್ಮ ಚೇತರಿಸಿಕೊಂಡರು.

ಆ ಮಗಳು ಹೇಳಿದ್ದು ಸುಳ್ಳಲ್ಲ. ಬೊಂಡ, ಬಾಳೆಹಣ್ಣು, ಕಿತ್ತಳೆ, ಖರ್ಜೂರ ಎಲ್ಲವೂ ಒಳ್ಳೆಯ ಆಹಾರವೇ. ಅವುಗಳಲ್ಲಿ ಪೊಟ್ಯಾಶಿಯಂ ಧಾರಾಳವಾಗಿದೆ. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ, ದೊಡ್ಡ ಲೋಟ ಬೊಂಡದ ನೀರಿನಲ್ಲಿ ಅದಕ್ಕಿಂತ ಹೆಚ್ಚು. ಮೂತ್ರಪಿಂಡ ಚೆನ್ನಾಗಿದ್ದರೆ ಹೆಚ್ಚಾದುದನ್ನು ಅದು ಹೊರಹಾಕುತ್ತದೆ. ಆದರೆ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವೆಲ್ಲ ಪೊಟ್ಯಾಶಿಯಂ ಹೊರಹೋಗುವುದನ್ನು ತಡೆಯುವ ಔಷಧಿಗಳು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆ ಜೊತೆಗೂಡಿದರೆ ಮೂತ್ರಪಿಂಡದ ಕೆಲಸ ಇನ್ನಷ್ಟು ಕುಂಠಿತವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಮೊದಲೇ ಬಳಲಿದ್ದರಂತೂ ಹೇಳುವುದೇ ಬೇಡ. ಬಿ.ಪಿ.ಯವರಿಗೆ ಒಳ್ಳೆಯದೆಂದು ಮಾರುವ 'ಲೋ ಸೋಡಿಯಂ' ಉಪ್ಪಿನಲ್ಲಿಯೂ ಸೋಡಿಯಂ ಬದಲು ಇರುವುದು ಹೆಚ್ಚಾಗಿ ಪೊಟ್ಯಾಶಿಯಂ ಎಂಬುದು ಅನೇಕರಿಗೆ ತಿಳಿದಿಲ್ಲ.

ರಮಝಾನ್‌ನಲ್ಲಿ ಇದು ಇನ್ನೂ ಮುಖ್ಯ. ದಿನವಿಡೀ ನೀರಿಲ್ಲದೆ ದೇಹ ಒಣಗಿರುತ್ತದೆ. ಇಫ್ತಾರ್ ಆಗುತ್ತಿದ್ದಂತೆ ಖರ್ಜೂರ, ಬಾಳೆಹಣ್ಣು, ಬೊಂಡದ ಶರಬತ್ತು ಎಲ್ಲವೂ ಒಟ್ಟಿಗೆ ಹೊಟ್ಟೆ ಸೇರುತ್ತವೆ. ಎದುರಿಗಿದ್ದ ಜ್ಯೂಸಿನಲ್ಲೇ ಮಾತ್ರೆಯನ್ನೂ ನುಂಗಿಬಿಡುತ್ತೇವೆ. ಒಂದೆರಡು ಖರ್ಜೂರದಿಂದ ಹೆಚ್ಚಿನವರಿಗೆ ಏನೂ ಆಗದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಉಪವಾಸದ ಬಗ್ಗೆಯೂ ಇಫ್ತಾರ್ ತಟ್ಟೆಯ ಬಗ್ಗೆಯೂ ರಮಝಾನ್‌ಗೆ ಮೊದಲೇ ವೈದ್ಯರೊಂದಿಗೆ ಮಾತನಾಡಬೇಕು. ಮಾತ್ರೆ ನುಂಗಲು ನೀರೇ ಸಾಕು. ಶೀತ, ಅಲರ್ಜಿಗೆ ಕೊಡುವ ಫೆಕ್ಸೊಫೆನಡಿನ್ ಮಾತ್ರೆಯನ್ನು ಕಿತ್ತಳೆ ಅಥವಾ ಸೇಬಿನ ಜ್ಯೂಸಿನೊಂದಿಗೆ ತೆಗೆದುಕೊಂಡರೆ ಅದು ಸರಿಯಾಗಿ ಮೈಗೆ ಹತ್ತುವುದೇ ಇಲ್ಲ. ಸಿಪ್ರೊಫ್ಲಾಕ್ಸಾಸಿನ್‌ನಂತಹ ಆ್ಯಂಟಿಬಯಾಟಿಕ್‌ಗೆ ಹಾಲು ಹಾಕಿದ ಮಿಲ್ಕ್‌ಶೇಕ್ ಅಡ್ಡಿ.

ನಮ್ಮ ಹಿತ್ತಿಲಿನ ಇನ್ನೆರಡು ಹುಳಿಗಳ ಬಗ್ಗೆ ಹೇಳದಿದ್ದರೆ ಈ ಉತ್ತರ ಅರ್ಧಕ್ಕೇ ನಿಂತಂತೆ. ಒಂದು ಅಡ್ಡ ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಧಾರೆಹುಳಿ. ಮೂತ್ರಪಿಂಡ ಕೆಟ್ಟವರಿಗೆ ಇದು ವಿಷಕ್ಕೆ ಸಮಾನ. ಮೊದಲು ನಿಲ್ಲದ ಬಿಕ್ಕಳಿಕೆ, ವಾಂತಿ, ಆಮೇಲೆ ಬುದ್ಧಿಭ್ರಮಣೆ, ಫಿಟ್ಸ್, ಸಾವೂ ಸಂಭವಿಸಿದೆ. ಮಿದುಳನ್ನು ಕೆರಳಿಸುವ ಅದರೊಳಗಿನ ವಸ್ತುವನ್ನು ಬ್ರೆಜಿಲಿನ ಸಂಶೋಧಕರು 2013ರಲ್ಲಿ ಗುರುತಿಸಿದರು. ಡಯಾಲಿಸಿಸ್ ಮಾಡಿಸುವವರು ಇದನ್ನು ತಿಂದು ಬಿಕ್ಕಳಿಕೆ ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಬಿಂಬುಳಿ. ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸ ಹಿಂಡಿ ಕುಡಿಯುವ ಅಭ್ಯಾಸ ಕೇರಳದಲ್ಲಿದೆ. ಹಾಗೆ ಕುಡಿದು ಮೂತ್ರಪಿಂಡ ಕೆಡಿಸಿಕೊಂಡ 10 ಮಂದಿಯ ವಿವರವನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಮೀನಿನ ಸಾರಿಗೆ ಹಾಕುವ ನಾಲ್ಕು ಬಿಂಬುಳಿ ಬೇರೆ, ಲೋಟ ತುಂಬಾ ಹಿಂಡಿದ ರಸ ಬೇರೆ. ಅದರಲ್ಲಿರುವ ಆಕ್ಸಲೇಟ್ ಮೂತ್ರಪಿಂಡದೊಳಗೆ ಹರಳುಗಟ್ಟಿ ಕೂರುತ್ತದೆ. ಕೊಲೆಸ್ಟರಾಲ್ ಮಾತ್ರೆ ಬಿಟ್ಟು ಬಿಂಬುಳಿ ಹಿಡಿದವರು ನನಗೆ ಗೊತ್ತಿರುವವರಲ್ಲಿಯೇ ಇದ್ದಾರೆ, ಅದಕ್ಕಾಗಿ ಇಷ್ಟು ಬರೆದೆ.

ಇದನ್ನೋದಿ ಹೆದರಿ ಯಾರೂ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಅದು ಎಲ್ಲಕ್ಕಿಂತ ದೊಡ್ಡ ಅಪಾಯ.

ಪತ್ರ ಬರೆದ ಸಹೋದರಿ, ಸಕ್ಕರೆ ಹಿಡಿತದಲ್ಲಿದ್ದರೆ ನಿಮ್ಮ ಅತ್ತೆಯವರು ಒಂದು ಸಣ್ಣ ಹಿಡಿ ದ್ರಾಕ್ಷಿ ತಿನ್ನಲಿ. ಬೊಂಡವನ್ನು ಮಾತ್ರ ಸದ್ಯಕ್ಕೆ ನಿಲ್ಲಿಸಿ. ಅವರ ಮಾತ್ರೆಗಳನ್ನೆಲ್ಲಾ, ಮಂಡಿನೋವಿಗೆ ತಂದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿ. ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ಪರೀಕ್ಷೆ ಬರೆದುಕೊಡಲು ಕೇಳಿ. ವರದಿ ಸರಿಯಾಗಿದ್ದರೆ ವಾರಕ್ಕೆ ಎಷ್ಟು ಬೊಂಡ ಕುಡಿಯಬಹುದೆಂದು ಅವರೇ ಹೇಳುತ್ತಾರೆ.