ರೋಗಿಯ ಪಾಲು ಏರಿದಂತೆ ಸರ್ಕಾರದ ಪಾಲೂ ಏರಲಿ: ಆಸ್ಪತ್ರೆ ಅನುದಾನದ ಬಗ್ಗೆ ಮನವಿ

ಗೆ,
ಮಾನ್ಯ ಆರೋಗ್ಯ ಸಚಿವರು,
ಸಾಮಾಜಿಕ ವ್ಯವಹಾರಗಳ ಸಚಿವಾಲಯ, ಸ್ವೀಡನ್ ಸರ್ಕಾರ, ಸ್ಟಾಕ್‌ಹೋಮ್

ಪ್ರತಿಗಳು: ಹಣಕಾಸು ಸಚಿವಾಲಯ ಮತ್ತು ರೀಜನ್ ಸ್ಟಾಕ್‌ಹೋಮ್

ಇಂದ,
ಸುಂಡ್‌ಬೀಬರ್ಯ್‌ನ ಕನ್ನಡಿಗ ನಿವಾಸಿಗಳು

ವಿಷಯ: ರೀಜನ್‌ಗಳ ಆರೋಗ್ಯ ಸೇವೆಗೆ ಕೇಂದ್ರ ಸರ್ಕಾರ ನೀಡುವ ಅನುದಾನವನ್ನು ಬೆಲೆ ಮತ್ತು ವೇತನಕ್ಕೆ ತಕ್ಕಂತೆ ಪ್ರತಿವರ್ಷ ಪರಿಷ್ಕರಿಸುವುದು ಹಾಗೂ ಅಲ್ಪಾವಧಿ ಅನುದಾನಗಳನ್ನು ಖಾಯಂ ಅನುದಾನದೊಳಗೆ ಸೇರಿಸುವುದು

ಮಾನ್ಯರೇ,

ಸುಮಾರು ಒಂಬತ್ತು ಚದರ ಕಿಲೋಮೀಟರಿನ ಸುಂಡ್‌ಬೀಬರ್ಯ್, ವಿಸ್ತೀರ್ಣದಲ್ಲಿ ಸ್ವೀಡನ್ನಿನ ಅತಿ ಚಿಕ್ಕ ಪುರಸಭೆ. ಊರೊಳಗೆ ಆರೋಗ್ಯ ಕೇಂದ್ರಗಳಿವೆ, ತುರ್ತು ಚಿಕಿತ್ಸೆಯ ಆಸ್ಪತ್ರೆ ಇಲ್ಲ. ಎದೆನೋವು ಬಂದರೆ, ಹೆರಿಗೆಯಾಗಬೇಕಾದರೆ, ಮೂಳೆ ಮುರಿದರೆ ಇಲ್ಲಿನವರು ಸೋಲ್ನಾದ ಕರೋಲಿನ್ಸ್ಕಾ, ಕುಂಗ್ಸ್‌ಹೋಲ್ಮೆನ್‌ನ ಸಾಂಕ್ಟ್ ಯೋರಾನ್ ಅಥವಾ ದಾಂಡೆರಿಡ್ ಆಸ್ಪತ್ರೆಗೆ ಹೋಗುತ್ತಾರೆ. ಈ ಮೂರನ್ನೂ ಪೊರೆಯುವುದು ಆರೋಗ್ಯ ಸೇವೆಯ ಹೊಣೆ ಹೊತ್ತ ಪ್ರಾದೇಶಿಕ ಆಡಳಿತವಾದ ರೀಜನ್ ಸ್ಟಾಕ್‌ಹೋಮ್. ಕೆಲಸಕ್ಕೆಂದು ಬಂದು ಇಲ್ಲಿ ನೋಂದಾಯಿತರಾದ ನಮ್ಮಂಥವರಿಗೂ ಈ ನೆಲದಲ್ಲೇ ಹುಟ್ಟಿದವರಿಗೂ ಆಸ್ಪತ್ರೆಯ ಬಾಗಿಲಲ್ಲಿ ಕಾನೂನು ಭೇದವೆಣಿಸುವುದಿಲ್ಲ. ನಮ್ಮ ಸಂಬಳದಿಂದಲೂ ರೀಜನ್ ತೆರಿಗೆ ಕಡಿತವಾಗುತ್ತದೆ. ಚಿಕಿತ್ಸೆಗೆ ಹಣ ಹೊಂದಿಸಲು ಸಂಸಾರಗಳು ಸಾಲಕ್ಕೆ ಬೀಳುವುದನ್ನು ಕಂಡ ನಾಡಿನಿಂದ ಬಂದ ನಮಗೆ ಈ ಸಮಾನತೆಯ ಬೆಲೆ ಗೊತ್ತು. ಅದು ಸವೆಯುತ್ತಿರುವುದು ಕಾಣುತ್ತಿರುವುದರಿಂದಲೇ ಈ ಮನವಿ ಸಲ್ಲಿಸುತ್ತಿದ್ದೇವೆ.

ನಮ್ಮ ವಾದದ ಮೂಲ ಸರಳವಾದ ಒಂದು ಅಸಮತೋಲನದಲ್ಲಿದೆ. ರೋಗಿಯೊಬ್ಬ ಹನ್ನೆರಡು ತಿಂಗಳಲ್ಲಿ ವೈದ್ಯರ ಭೇಟಿಗಳಿಗಾಗಿ ಕೈಯಿಂದ ಕೊಡಬೇಕಾದ ಗರಿಷ್ಠ ಶುಲ್ಕವನ್ನು ಕಾನೂನು ಬೆಲೆ ಆಧಾರಿತ ಮೂಲಮೊತ್ತಕ್ಕೆ, ಅಂದರೆ ಬೆಲೆಮಟ್ಟಕ್ಕೆ ತಕ್ಕಂತೆ ಪ್ರತಿವರ್ಷ ನಿಗದಿಯಾಗುವ ಮೊತ್ತಕ್ಕೆ, ಕಟ್ಟಿಹಾಕಿದೆ. ಬೆಲೆ ಏರಿದರೆ ಮಿತಿಯೂ ತಾನಾಗಿ ಏರುತ್ತದೆ. 2022ರಲ್ಲಿ 1,200 ಕ್ರೋನಾ ಇದ್ದ ಈ ಮಿತಿ 2023ರಲ್ಲಿ 1,300, 2024ರಲ್ಲಿ 1,400, 2025ರಲ್ಲಿ 1,450 ಕ್ರೋನಾ ಆಯಿತು. ಇದಕ್ಕೆ ಯಾರೂ ಮಸೂದೆ ಮಂಡಿಸಬೇಕಾಗಲಿಲ್ಲ, ಚರ್ಚೆಯೂ ಬೇಕಾಗಲಿಲ್ಲ. ಆಸ್ಪತ್ರೆ ನೌಕರರ ಪಿಂಚಣಿಯ ಹೊಣೆಯೂ ಅದೇ ಮೂಲಮೊತ್ತದ ಬೆನ್ನು ಹಿಡಿದು ಏರುತ್ತದೆ. ಔಷಧಿ, ವಿದ್ಯುತ್ತು, ಊಟ, ಉಪಕರಣಗಳ ಬೆಲೆಯನ್ನಂತೂ ಮಾರುಕಟ್ಟೆಯೇ ಏರಿಸುತ್ತದೆ. ಹೀಗೆ ಆಸ್ಪತ್ರೆಯ ಲೆಕ್ಕದಲ್ಲಿ ಎಲ್ಲವೂ ಬೆಲೆಯ ಜೊತೆ ಏರುತ್ತಿರುವಾಗ ಕೇಂದ್ರ ಸರ್ಕಾರ ರೀಜನ್‌ಗಳಿಗೆ ಕೊಡುವ ಸಾಮಾನ್ಯ ಅನುದಾನ ಮಾತ್ರ ಕ್ರೋನಾ ಲೆಕ್ಕದಲ್ಲಿ ನಿಂತಲ್ಲೇ ನಿಂತಿರುತ್ತದೆ. ಸಂಸತ್ತು ಪ್ರತ್ಯೇಕವಾಗಿ ತೀರ್ಮಾನಿಸಿದ ವರ್ಷ ಮಾತ್ರ ಅದು ಹೆಚ್ಚುತ್ತದೆ. ತೀರ್ಮಾನಿಸದ ವರ್ಷ ಅದರ ನಿಜಮೌಲ್ಯ ಕುಗ್ಗುತ್ತದೆ. ಕಡಿತವೆಂದು ಯಾರೂ ಘೋಷಿಸದೆಯೇ ಕಡಿತವಾಗಿರುತ್ತದೆ.

2022ರ ಹಣದುಬ್ಬರ ಈ ದೋಷವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿತು. ಆ ವರ್ಷದ ಬೆಲೆಯೇರಿಕೆ 2023ರಲ್ಲಿ ಪಿಂಚಣಿ ವೆಚ್ಚವಾಗಿ ರೀಜನ್‌ಗಳ ಮೇಲೆ ಬಿತ್ತು. ದೇಶದ 21 ರೀಜನ್‌ಗಳಲ್ಲಿ ಬಹುಪಾಲು ಕೊರತೆಗೆ ಇಳಿದವು. ಕೊರತೆಯನ್ನು ಮೂರು ವರ್ಷದೊಳಗೆ ತುಂಬಿಕೊಳ್ಳಬೇಕೆಂದು ಪುರಸಭಾ ಕಾಯ್ದೆ ವಿಧಿಸುತ್ತದೆ. ಆದ್ದರಿಂದ ಆಡಳಿತಗಾರರು ಕೈಹಾಕಿದ್ದು ಬೇಗ ಕಡಿಮೆ ಮಾಡಬಹುದಾದ ಏಕೈಕ ವೆಚ್ಚಕ್ಕೆ, ಸಿಬ್ಬಂದಿಗೆ. ಹಲವು ರೀಜನ್‌ಗಳಲ್ಲಿ ಕೆಲಸ ಕಡಿತದ ನೋಟಿಸುಗಳು ಹೊರಟವು. ಆಮೇಲೆ 2024ರ ಏಪ್ರಿಲ್‌ನಲ್ಲಿ ಸರ್ಕಾರ ತಿದ್ದುಪಡಿ ಬಜೆಟ್ಟಿನ ಮೂಲಕ ಆರೋಗ್ಯ ಸೇವೆಗೆ ಇನ್ನೂ 600 ಕೋಟಿ ಕ್ರೋನಾ ಒದಗಿಸುವುದಾಗಿ ತಿಳಿಸಿತು. ಆ ನೆರವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಬಜೆಟ್ ಬಿಗಿಯಾಗಿ ಹುದ್ದೆಗಳ ತೀರ್ಮಾನ ಮುಗಿದ ಮೇಲೆ ಬಂದ ಹಣ ಹೋದ ನರ್ಸನ್ನು ವಾರ್ಡಿಗೆ ಮರಳಿ ಕರೆತರುವುದಿಲ್ಲ. ಸರ್ಕಾರ ಕೊನೆಗೂ ಹಣ ಕೊಟ್ಟೇ ಕೊಟ್ಟಿತು ಎಂಬುದನ್ನು ಗಮನಿಸಬೇಕು. ಕೊಡುವ ಹಣವನ್ನೇ ಮೊದಲೇ, ಖಚಿತವಾಗಿ, ನಿಯಮದ ಪ್ರಕಾರ ಕೊಟ್ಟಿದ್ದರೆ ಅದೇ ಮೊತ್ತಕ್ಕೆ ಹೆಚ್ಚು ಆರೈಕೆ ಸಿಗುತ್ತಿತ್ತು.

ನರ್ಸುಗಳ ವಿಷಯಕ್ಕೆ ಒತ್ತು ಕೊಡಲು ಕಾರಣವಿದೆ. ಸ್ವೀಡನ್ ತನ್ನ ಒಟ್ಟು ಉತ್ಪನ್ನದ ಸುಮಾರು ಶೇ 11ರಷ್ಟನ್ನು ಆರೋಗ್ಯಕ್ಕೆ ಖರ್ಚು ಮಾಡುತ್ತದೆ. ಜನಸಂಖ್ಯೆಗೆ ಹೋಲಿಸಿದರೆ ವೈದ್ಯರಿಗೂ ಬರವಿಲ್ಲ. ಹಾಗಾಗಿ ಸಮಸ್ಯೆ ಹಣದ್ದಲ್ಲ, ನಿರ್ವಹಣೆಯದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಸಾವಿರ ಜನರಿಗೆ ಇಲ್ಲಿರುವ ಆಸ್ಪತ್ರೆ ಹಾಸಿಗೆಗಳು ಸುಮಾರು ಎರಡು. ಯೂರೋಪಿಯನ್ ಒಕ್ಕೂಟದಲ್ಲಿ ಇದು ಅತಿ ಕೆಳಗಿನ ಸಾಲು. ಜರ್ಮನಿಯಲ್ಲಿ ಏಳಕ್ಕೂ ಹೆಚ್ಚು. ಆರೋಗ್ಯ ಮತ್ತು ಆರೈಕೆ ಸೇವೆಗಳ ತಪಾಸಣಾ ಸಂಸ್ಥೆಯಾದ ಇನ್ಸ್‌ಪೆಕ್ಷುನೆನ್ ಫೋರ್ ವೋರ್ಡ್ ಓಕ್ ಓಮ್‌ಸೋರ್ಯ್, ಅಂದರೆ ಐವಿಓ, 2022ರಲ್ಲಿ ದೇಶದಾದ್ಯಂತ 27 ಆಸ್ಪತ್ರೆಗಳ ತಪಾಸಣೆ ಕೈಗೊಂಡಾಗ ಬಹುತೇಕ ಎಲ್ಲೆಡೆ ಕಂಡದ್ದು ಹಾಸಿಗೆಯ ಕೊರತೆ ಮತ್ತು ಅದರಿಂದ ರೋಗಿಗಳ ಸುರಕ್ಷತೆಗೆ ಒದಗಿದ ಅಪಾಯ. ಹಾಸಿಗೆ ಎಂದರೆ ಮಂಚವಲ್ಲ, ಅದರ ಬಳಿ ರಾತ್ರಿಯೂ ಹಗಲೂ ನಿಲ್ಲುವ ಅನುಭವಿ ನರ್ಸು. ಅಂಥ ನರ್ಸು ಒಂದು ವಾರ್ಡಿನಲ್ಲಿ ನೆಲೆಯೂರಲು ವರ್ಷಗಳು ಬೇಕು. ಹನ್ನೆರಡು ತಿಂಗಳಿಗೆಂದು ಬಂದ ಅನುದಾನದಿಂದ ಖಾಯಂ ಹುದ್ದೆ ಸೃಷ್ಟಿಸಲು ಯಾವ ಆಸ್ಪತ್ರೆ ವ್ಯವಸ್ಥಾಪಕರೂ ಧೈರ್ಯ ಮಾಡುವುದಿಲ್ಲ. ಅವರು ಯೋಜನಾ ಸಂಯೋಜಕರನ್ನು ನೇಮಿಸುತ್ತಾರೆ, ಇಲ್ಲವೇ ಏಜೆನ್ಸಿಯಿಂದ ಹೆಚ್ಚಿನ ದರಕ್ಕೆ ತಾತ್ಕಾಲಿಕ ನರ್ಸುಗಳನ್ನು ತರುತ್ತಾರೆ. ಇದನ್ನು ಅವರ ಅದಕ್ಷತೆ ಎಂದು ನಾವು ಹೇಳಲಾರೆವು. ಕೈಗೆ ಬಂದ ಹಣದ ಸ್ವಭಾವವೇ ಅವರಿಂದ ಹಾಗೆ ಮಾಡಿಸುತ್ತದೆ.

ಉದ್ದೇಶ ನಿಗದಿಪಡಿಸಿದ ಅಲ್ಪಾವಧಿ ಅನುದಾನಗಳಿಂದ ಏನಾಗುತ್ತದೆ ಎಂಬುದಕ್ಕೆ ಈ ದೇಶದಲ್ಲೇ ಉದಾಹರಣೆ ಇದೆ. 2009ರಿಂದ 2014ರವರೆಗೆ, ಕಾಯುವ ಸರದಿಯನ್ನು ಮೊಟಕುಗೊಳಿಸಿದ ರೀಜನ್‌ಗಳಿಗೆ ವರ್ಷಕ್ಕೆ 100 ಕೋಟಿ ಕ್ರೋನಾವರೆಗೆ ಹಂಚುವ ‘ಕೊಮಿಲ್ಯಾರ್ಡ್’ ಜಾರಿಯಲ್ಲಿತ್ತು. ತಜ್ಞರನ್ನು ಕಾಣಲು 90 ದಿನ, ಚಿಕಿತ್ಸೆಗೆ ಮತ್ತೆ 90 ದಿನ ಎಂಬ ಭರವಸೆಯನ್ನು ಈಡೇರಿಸಲು ಅದು ಚುರುಕು ತಂದಿತು, ನಿಜ. ಆದರೆ ಲೆಕ್ಕಕ್ಕೆ ಸೇರುತ್ತಿದ್ದದ್ದು ಮೊದಲ ಭೇಟಿ ಮತ್ತು ಚಿಕಿತ್ಸೆ. ಮಧುಮೇಹ, ಸಂಧಿವಾತ, ಹೃದ್ರೋಗದಂಥ ದೀರ್ಘಕಾಲದ ಕಾಯಿಲೆಯವರ ಮರುಭೇಟಿ ಲೆಕ್ಕಕ್ಕೆ ಬಾರದ್ದರಿಂದ ಹಿಂದಕ್ಕೆ ಸರಿಯಿತೆಂಬ ಗಂಭೀರ ಟೀಕೆ ಬಂತು. ಇದಕ್ಕೆ ಎದುರಾಗಿ 1992ರ ಏದೆಲ್ ಸುಧಾರಣೆಯನ್ನು ನೋಡಬಹುದು. ವೃದ್ಧರ ಆರೈಕೆಯನ್ನು ಅದು ಪುರಸಭೆಗಳಿಗೆ ವಹಿಸಿತು. ಬಿಡುಗಡೆಗೆ ಸಿದ್ಧನಾದ ರೋಗಿ ಆಸ್ಪತ್ರೆಯಲ್ಲೇ ಉಳಿದರೆ ಅದರ ವೆಚ್ಚವನ್ನು ಪುರಸಭೆಯೇ ಭರಿಸಬೇಕೆಂಬ ಖಾಯಂ ನಿಯಮ ತಂದಿತು. 2018ರಲ್ಲಿ, ಪುರಸಭೆ ಹಣ ಕೊಡಲು ಆರಂಭಿಸಬೇಕಾದ ಗಡುವನ್ನು ಮೂರು ದಿನಕ್ಕೆ ಇಳಿಸಿದ ಮೇಲೆ ಅಂಥವರು ವಾರ್ಡಿನಲ್ಲಿ ಕಳೆಯುವ ದಿನಗಳು ಗಮನಾರ್ಹವಾಗಿ ಇಳಿದವು. ಎರಡೂ ಕಡೆ ಹಣವೇ ಪ್ರೇರಣೆ. ಒಂದು ಮುಂದಿನ ವರ್ಷ ಇರುತ್ತದೋ ಇಲ್ಲವೋ ತಿಳಿಯದು. ಇನ್ನೊಂದು ಇದ್ದೇ ಇರುತ್ತದೆ ಎಂದು ಸುಂಡ್‌ಬೀಬರ್ಯ್ ಪುರಸಭೆಗೆ ಗೊತ್ತು, ಆದ್ದರಿಂದ ಆರೈಕೆ ಮನೆ ಕಟ್ಟುವಾಗ, ಮನೆ ಬಾಗಿಲಿನ ಸೇವೆಗೆ ಜನರನ್ನು ನೇಮಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ನಮ್ಮ ತವರು ರಾಜ್ಯದ ಅನುಭವವೂ ಇದನ್ನೇ ತೋರಿಸುತ್ತದೆ. ಕರ್ನಾಟಕ ಸರ್ಕಾರ 2010ರಲ್ಲಿ ಉತ್ತರ ಕರ್ನಾಟಕದಿಂದ ಆರಂಭಿಸಿದ ವಾಜಪೇಯಿ ಆರೋಗ್ಯಶ್ರೀ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಚಿಕಿತ್ಸೆಗಳನ್ನು ಉಚಿತವಾಗಿ ಒದಗಿಸಿತು. ಯೋಜನೆ ತಲುಪಿದ ಹಳ್ಳಿಗಳನ್ನು ಇನ್ನೂ ತಲುಪದ ನೆರೆಹಳ್ಳಿಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವು ಶೇ 0.90ರ ಬದಲು ಶೇ 0.32ರಷ್ಟಿತ್ತು. ಯಾವ ಚಿಕಿತ್ಸೆಗೆ ಎಷ್ಟು ಹಣ ಸಂದಾಯವಾಗುತ್ತದೆ ಎಂಬುದು ಆಸ್ಪತ್ರೆಗೆ ಮೊದಲೇ ತಿಳಿದಿತ್ತು, ಚಿಕಿತ್ಸೆ ಸಿಕ್ಕೇ ಸಿಗುತ್ತದೆಂಬುದು ರೋಗಿಗೆ ತಿಳಿದಿತ್ತು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕೇಂದ್ರ ಶೇ 60, ರಾಜ್ಯ ಶೇ 40 ಭರಿಸುತ್ತವೆ. ಆದರೆ ಕೇಂದ್ರದ ಪಾಲು ಅದರ ಪಟ್ಟಿಯಲ್ಲಿರುವ ಕುಟುಂಬಗಳಿಗಷ್ಟೇ ಸೀಮಿತ, ಉಳಿದವರ ಭಾರ ರಾಜ್ಯದ್ದು. ಪ್ಯಾಕೇಜ್ ದರ ಬೆಲೆಗೆ ತಕ್ಕಂತೆ ಏರಲಿಲ್ಲ, ಬಾಕಿ ಸಕಾಲಕ್ಕೆ ಬರಲಿಲ್ಲ ಎಂಬ ಖಾಸಗಿ ಆಸ್ಪತ್ರೆಗಳ ದೂರು ಅಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಉದಾರವಾದ ಹಕ್ಕನ್ನು ಘೋಷಿಸಿ ಅದರ ಹಿಂದಿನ ಹಣವನ್ನು ಬೆಲೆಯ ಜೊತೆ ನಡೆಸದಿದ್ದರೆ ಹಕ್ಕು ಕಾಗದದಲ್ಲಿ ಉಳಿಯುತ್ತದೆ, ಸರದಿ ಉದ್ದವಾಗುತ್ತದೆ. ಶ್ರೀಮಂತ ದೇಶ, ಬಡ ದೇಶ ಎಂಬ ವ್ಯತ್ಯಾಸ ಇಲ್ಲಿಲ್ಲ.

ಹಣಕಾಸು ಸಚಿವಾಲಯ ಎತ್ತಬಹುದಾದ ಮುಖ್ಯ ಆಕ್ಷೇಪ ನಮಗೆ ಗೊತ್ತು. ಅನುದಾನ ತಾನಾಗಿ ಏರುವಂತಾದರೆ ರೀಜನ್‌ಗಳಿಗೆ ಮಿತವ್ಯಯದ ಒತ್ತಡವಿರದು, 1990ರ ದಶಕದ ಆರ್ಥಿಕ ಬಿಕ್ಕಟ್ಟಿನ ನಂತರ ಕಷ್ಟಪಟ್ಟು ಕಟ್ಟಿದ ಬಜೆಟ್ ಶಿಸ್ತು ಸಡಿಲವಾಗುತ್ತದೆ ಎಂಬುದು ಆ ಆಕ್ಷೇಪ. ಶಿಸ್ತನ್ನು ನಾವೂ ಗೌರವಿಸುತ್ತೇವೆ. ಆದರೆ ಕೇಂದ್ರ ಸರ್ಕಾರ ತನ್ನದೇ ಇಲಾಖೆಗಳ ವಿಷಯದಲ್ಲಿ ಹೀಗೆ ವಾದಿಸುವುದಿಲ್ಲ. ಅವುಗಳ ಆಡಳಿತ ವೆಚ್ಚವನ್ನು ಪ್ರತಿವರ್ಷ ಬೆಲೆ–ವೇತನ ಸೂತ್ರದ ಪ್ರಕಾರ ಮರುಲೆಕ್ಕ ಹಾಕಲಾಗುತ್ತದೆ. ಉತ್ಪಾದಕತೆ ಹೆಚ್ಚಬೇಕೆಂಬ ನಿರೀಕ್ಷೆಯನ್ನು ಆ ಸೂತ್ರದೊಳಗೇ ಕಡಿತವಾಗಿ ಸೇರಿಸಲಾಗಿದೆ. ರಕ್ಷಣಾ ವೆಚ್ಚಕ್ಕೆ ಪ್ರತ್ಯೇಕ ಬೆಲೆ ಸೂಚ್ಯಂಕವೇ ಇದೆ. ತೆರಿಗೆ ಇಲಾಖೆಗೂ ಸೇನೆಗೂ ಶಿಸ್ತಿಗೆ ಭಂಗ ಬಾರದಂತೆ ಸಾಧ್ಯವಾದದ್ದು ಕರೋಲಿನ್ಸ್ಕಾದ ತುರ್ತು ವಿಭಾಗಕ್ಕೆ ಏಕೆ ಸಾಧ್ಯವಿಲ್ಲ ಎಂಬುದಕ್ಕೆ ನಮಗೆ ಉತ್ತರ ಸಿಕ್ಕಿಲ್ಲ. ಉತ್ಪಾದಕತೆಯ ಕಡಿತದೊಂದಿಗೇ ಅದೇ ಸೂತ್ರವನ್ನು ಅನ್ವಯಿಸಲಿ ಎಂಬುದಷ್ಟೇ ನಮ್ಮ ಕೇಳಿಕೆ. ಸ್ಟಾಕ್‌ಹೋಮ್ ಶ್ರೀಮಂತ ರೀಜನ್, ಬೇಕಿದ್ದರೆ ತೆರಿಗೆ ಏರಿಸಿಕೊಳ್ಳಲಿ ಎನ್ನುವವರೂ ಇದ್ದಾರೆ. ಅದು ಏರಿಸಿದೆ: 2024ರಲ್ಲಿ ದರ ಶೇ 12.08ರಿಂದ 12.38ಕ್ಕೆ ಹೋಯಿತು. ಆದಾಯ ಕಡಿಮೆಯಿರುವ, ವೃದ್ಧರೇ ಹೆಚ್ಚಿರುವ ಉತ್ತರದ ರೀಜನ್‌ಗಳಿಗೆ ಆ ದಾರಿಯೂ ಕಿರಿದು.

ನಿರ್ದಿಷ್ಟ ಅನುದಾನಗಳನ್ನು ಕೈಬಿಟ್ಟರೆ ರೀಜನ್ ರೀಜನ್‌ಗಳ ನಡುವಿನ ಅಸಮಾನತೆಯನ್ನು ತಿದ್ದಲು ಸರ್ಕಾರದ ಕೈಯಲ್ಲಿ ಏನುಳಿಯುತ್ತದೆ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಅಸಮಾನತೆ ನಿಜವಾಗಿಯೂ ಇದೆ. ಆದರೆ ಅದನ್ನು ಬಯಲಿಗೆ ತಂದದ್ದು ಅನುದಾನದ ಅರ್ಜಿ–ವರದಿಗಳಲ್ಲ. ಐವಿಓ ತಪಾಸಣೆ ಮತ್ತು ಬಹಿರಂಗವಾದ ಕಾಯುವ ಅವಧಿಯ ಅಂಕಿಅಂಶಗಳು. ಆ ಸಾಧನಗಳನ್ನು ಬಲಪಡಿಸಿ, ಕಾನೂನಿನಲ್ಲಿ ಕನಿಷ್ಠ ಮಟ್ಟವನ್ನು ವಿಧಿಸಿ. ಹೊಸ ಔಷಧಿ ಅಥವಾ ಹೊಸ ಲಸಿಕೆ ಪರಿಚಯಿಸುವಂಥ, ಆರಂಭವೂ ಅಂತ್ಯವೂ ಇರುವ ಕೆಲಸಕ್ಕೆ ಪ್ರತ್ಯೇಕ ಹಣ ಕೊಡುವುದನ್ನು ನಾವು ವಿರೋಧಿಸುವುದಿಲ್ಲ. ಇನ್ನು, ಎಲ್ಲವನ್ನೂ ಕೇಂದ್ರವೇ ವಹಿಸಿಕೊಳ್ಳಬೇಕೇ ಎಂಬುದನ್ನು ಪರಿಶೀಲಿಸಲು ನೇಮಿಸಿದ್ದ ಸಂಸದೀಯ ಸಮಿತಿ 2025ರ ಜೂನ್‌ನಲ್ಲಿ ವರದಿ ಕೊಟ್ಟಿದೆ. ನಾರ್ವೆ 2002ರಲ್ಲೇ ಆಸ್ಪತ್ರೆಗಳನ್ನು ಕೇಂದ್ರದ ಒಡೆತನಕ್ಕೆ ತಂದಿತು. ಅಲ್ಲಿ ಸರದಿಯ ಚರ್ಚೆ ಇನ್ನೂ ಮುಗಿದಿಲ್ಲ. ಒಡೆತನ ಯಾರದಾದರೂ ಆಗಲಿ, ಖಾಯಂ ಕೆಲಸಕ್ಕೆ ಖಾಯಂ ಹಣ ಬೇಕು. ಒಡೆತನದ ವಾದ ಇನ್ನೂ ಹಲವು ವರ್ಷ ನಡೆಯಬಹುದು, ಅನುದಾನದ ತಿದ್ದುಪಡಿ ಮುಂದಿನ ಬಜೆಟ್ಟಿನಲ್ಲೇ ಆಗಬಹುದು.

ಇದನ್ನು ಮುಂದೂಡಿದರೆ ಭಾರ ಇಳಿಯುವುದು ರೋಗಿಯ ಹೆಗಲಿಗೆ. 2025ರ ಜುಲೈ 1ರಿಂದ ಔಷಧಿಗಳಿಗೆ ರೋಗಿ ಕೊಡಬೇಕಾದ ವಾರ್ಷಿಕ ಮಿತಿ 2,900 ಕ್ರೋನಾದಿಂದ 3,800ಕ್ಕೆ ಏರಿತು. ಇದು ಬೆಲೆ ಸೂತ್ರದಿಂದ ಬಂದ ಏರಿಕೆಯಲ್ಲ, ಬೇಕೆಂದೇ ಮಾಡಿದ ತೀರ್ಮಾನ. ಸಂಬಳದಾರರಿಗೆ ಇದು ಹೊರೆಯೆನಿಸದಿರಬಹುದು. ಅತಿ ಕಡಿಮೆ ಪಿಂಚಣಿಯ ವೃದ್ಧೆಗೆ, ಹಲವು ಕಾಯಿಲೆಗಳಿಗೆ ಏಕಕಾಲಕ್ಕೆ ಮಾತ್ರೆ ನುಂಗಬೇಕಾದವರಿಗೆ ಅದು ಔಷಧಿ ಅಂಗಡಿಯ ಮುಂದೆ ನಿಂತು ಯಾವುದನ್ನು ಬಿಡಬಹುದೆಂದು ಯೋಚಿಸುವಂತೆ ಮಾಡುತ್ತದೆ. ಹಾಗೆ ಬಿಟ್ಟ ಮಾತ್ರೆ ತುರ್ತು ವಿಭಾಗದಲ್ಲಿ ಹೆಚ್ಚು ದುಬಾರಿಯಾಗಿ ಮರಳುತ್ತದೆ.

ಆದ್ದರಿಂದ ನಾವು ಕೋರುವುದಿಷ್ಟು. ರೀಜನ್‌ಗಳ ಸಾಮಾನ್ಯ ಅನುದಾನವನ್ನು ಸರ್ಕಾರಿ ಇಲಾಖೆಗಳಿಗೆ ಅನ್ವಯಿಸುವ ಬೆಲೆ–ವೇತನ ಸೂತ್ರದಂತೆ ಪ್ರತಿವರ್ಷ ಪರಿಷ್ಕರಿಸುವ ಪ್ರಸ್ತಾವವನ್ನು ಸಂಸತ್ತಿನ ಮುಂದಿಡಬೇಕು. ಸಿಬ್ಬಂದಿ, ಹಾಸಿಗೆ, ಕಾಯುವ ಅವಧಿಗೆ ಸಂಬಂಧಿಸಿ ಈಗಿರುವ ಅಲ್ಪಾವಧಿ ಅನುದಾನಗಳನ್ನು ಮೊತ್ತ ಕಡಿಮೆ ಮಾಡದೆ ಆ ಸಾಮಾನ್ಯ ಅನುದಾನಕ್ಕೆ ಸೇರಿಸಬೇಕು. ಮೂರು ವರ್ಷಗಳ ಮೊತ್ತವನ್ನು ರೀಜನ್‌ಗಳ ಬಜೆಟ್ ಅಂಗೀಕಾರಕ್ಕೆ ಮೊದಲೇ ತಿಳಿಸಬೇಕು. ಈ ತಿದ್ದುಪಡಿ ಜಾರಿಯಾಗುವವರೆಗೆ ಔಷಧಿಯ ಮಿತಿಯನ್ನಾಗಲಿ ಭೇಟಿ ಶುಲ್ಕದ ಮಿತಿಯನ್ನಾಗಲಿ ಬೆಲೆ ಸೂತ್ರಕ್ಕಿಂತ ಮೇಲೆ ಏರಿಸಬಾರದು. ಮೊದಲ ಬೇಡಿಕೆ ಉಳಿದವುಗಳ ಬುನಾದಿ. ಅದನ್ನು ಬಿಟ್ಟು ಇತರ ಮೂರನ್ನು ಮಾತ್ರ ಒಪ್ಪಿದರೆ ಕೆಲವೇ ವರ್ಷಗಳಲ್ಲಿ ಅವೂ ನಿಷ್ಫಲವಾಗುತ್ತವೆ. ಈ ಬಗ್ಗೆ ಸಚಿವಾಲಯದ ಲಿಖಿತ ಉತ್ತರವನ್ನೂ, ಸೂತ್ರವನ್ನು ಅನ್ವಯಿಸಿದರೆ ಆಗುವ ವೆಚ್ಚದ ಅಂದಾಜನ್ನೂ ಸಾರ್ವಜನಿಕಗೊಳಿಸಬೇಕೆಂದು ವಿನಂತಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಸುಂಡ್‌ಬೀಬರ್ಯ್‌ನ ಕನ್ನಡಿಗ ನಿವಾಸಿಗಳು